ಎರಡು ಮರಗಳ ನಡುವಿನ ಜಾಗ

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ಹುಟ್ಟಿದ್ದು ಬೇಲಿಯ ಓತಿಯನ್ನು ನೋಡಿ. ಅದು ಗೂಟದ ತುದಿಯಲ್ಲಿ ಕೂತು ತಲೆ ಕುಣಿಸುತ್ತದೆ, ಯಾರಾದರೂ ಹತ್ತಿರ ಬಂದರೆ ಪೊದೆಗೆ ನುಗ್ಗುತ್ತದೆ. ಅದಕ್ಕೆ ನೆಲವೂ ಸೈ, ಗೂಟವೂ ಸೈ. ಮಲೆನಾಡಿನ ಹಾರುವ ಓತಿಗೆ ಈ ಗಾದೆ ಹೊಂದುವುದಿಲ್ಲ. ಬೇಲಿಯ ಮೇಲೆ ಅದು ಕೂರುವುದಿಲ್ಲ, ನೆಲ ಕಂಡರೆ ಆಗುವುದಿಲ್ಲ, ಪೊದೆಯ ಗೊಡವೆಯೂ ಬೇಡ. ಅದರ ಬದುಕೆಲ್ಲ ನೆಟ್ಟಗೆ ನಿಂತ ಕಾಂಡದ ಮೇಲೆ, ಮತ್ತು ಆ ಕಾಂಡಕ್ಕೂ ಮುಂದಿನ ಕಾಂಡಕ್ಕೂ ನಡುವಿನ ಖಾಲಿ ಗಾಳಿಯಲ್ಲಿ. ಈ ಪ್ರಾಣಿಯ ಬಗ್ಗೆ ಮಾತಾಡುವವರೆಲ್ಲ ರೆಕ್ಕೆಯಿಂದಲೇ ಶುರುಮಾಡುತ್ತಾರೆ. ರೆಕ್ಕೆ ಚೆಂದವೇ, ಸಂಶಯವಿಲ್ಲ. ಆದರೆ ಹಾರುವ ಓತಿ ಎಲ್ಲಿ ಉಳಿಯುತ್ತದೆ, ಎಲ್ಲಿಂದ ಕಾಣೆಯಾಗುತ್ತದೆ ಎಂಬುದು ತಿಳಿಯಬೇಕಾದರೆ ನೋಡಬೇಕಾದ್ದು ಆ ಖಾಲಿ ಜಾಗವನ್ನು.

ವಿಜ್ಞಾನಿಗಳು ಇದನ್ನು ಡ್ರಾಕೊ ಡುಸ್ಸುಮಿಯೇರಿ ಎನ್ನುತ್ತಾರೆ. 1837ರಲ್ಲಿ ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರು ಇದನ್ನು ವರ್ಣಿಸಿ, ಡುಸ್ಸುಮಿಯೇ ಎಂಬ ಸಂಗ್ರಾಹಕನ ಹೆಸರಿಟ್ಟರು. ಡ್ರಾಕೊ ಎಂದರೆ ಲ್ಯಾಟಿನ್ನಿನಲ್ಲಿ ಘಟಸರ್ಪದಂಥ ಪ್ರಾಣಿ. ಮೂತಿಯಿಂದ ಬಾಲದ ಬುಡದವರೆಗೆ ಹತ್ತು ಸೆಂಟಿಮೀಟರ್ ಆಸುಪಾಸಿನ, ಇರುವೆ ತಿಂದು ಬದುಕುವ ಪ್ರಾಣಿಗೆ ಇದು ಸ್ವಲ್ಪ ಭಾರದ ಹೆಸರೇ. ಬಾಲ ಮೈಗಿಂತ ಉದ್ದ, ಚಾಟಿಯಂತೆ ಸಪೂರ. ಈ ಕುಲದ ಸುಮಾರು ನಲವತ್ತು ಪ್ರಭೇದಗಳಲ್ಲಿ ಹೆಚ್ಚಿನವು ಇರುವುದು ಮಲೇಷ್ಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆ. ನಮ್ಮ ಈಶಾನ್ಯ ರಾಜ್ಯಗಳಲ್ಲೂ ಈ ಕುಲದ ಓತಿಗಳಿವೆ. ದಕ್ಷಿಣ ಭಾರತಕ್ಕೆ ಇರುವುದು ಇದೊಂದೇ: ಗೋವಾದ ಆಸುಪಾಸಿನ ಕಾಡುಗಳಿಂದ ಹಿಡಿದು ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಹಾದು ಕೇರಳದ ತುದಿಯವರೆಗಿನ ಘಟ್ಟಸಾಲು ಮತ್ತು ಅದರ ಬುಡದ ಊರುಗಳು ಇದರ ಸೀಮೆ. ನಡುವಿನ ಸಾವಿರಾರು ಕಿಲೋಮೀಟರ್ ಒಣನಾಡಿನಲ್ಲಿ ಇದರ ಬಂಧುಗಳು ಯಾರೂ ಇಲ್ಲ. ಹೀಗೆ ಘಟ್ಟದಲ್ಲೂ ಈಶಾನ್ಯದಲ್ಲೂ ಇದ್ದು ನಡುವೆ ಇಲ್ಲದ ಜೀವಿಗಳ ಒಗಟಿಗೆ ಸುಂದರ್ ಲಾಲ್ ಹೋರಾ ಎಂಬ ಮೀನುತಜ್ಞರು ಸಾತ್ಪುರ ಬೆಟ್ಟಸಾಲು ಒಂದು ಕಾಲದಲ್ಲಿ ತೇವದ ಸೇತುವೆಯಾಗಿತ್ತು ಎಂಬ ಉತ್ತರ ಕೊಟ್ಟಿದ್ದರು. ಆ ಸಿದ್ಧಾಂತದ ಬಗ್ಗೆ ಇವತ್ತಿಗೂ ಜಗಳವಿದೆ. ಒಗಟಂತೂ ಹಾಗೇ ಇದೆ.

ಇನ್ನು ರೆಕ್ಕೆ. ಹಕ್ಕಿ ಮತ್ತು ಬಾವಲಿಯ ರೆಕ್ಕೆ ಎಂದರೆ ಮಾರ್ಪಟ್ಟ ಕೈ. ಅದಕ್ಕೇ ಅವು ಕೈಯ ಮಾಮೂಲಿ ಕೆಲಸಗಳನ್ನು ಬಿಟ್ಟುಕೊಟ್ಟಿವೆ. ಓತಿ ಕೈ ಬಿಟ್ಟುಕೊಟ್ಟಿಲ್ಲ, ಪಕ್ಕೆಲುಬನ್ನು ಬಳಸಿಕೊಂಡಿದೆ. ಈ ಕುಲದಲ್ಲಿ ಪ್ರತಿ ಬದಿಯಲ್ಲಿ ಐದರಿಂದ ಏಳು ಪಕ್ಕೆಲುಬು ಎದೆಗೂಡನ್ನು ಸುತ್ತಿ ಬರುವ ಬದಲು ಉದ್ದಕ್ಕೆ ಹೊರಚಾಚಿ, ತೊಗಲಿನ ಪೊರೆಯೊಂದನ್ನು ಹೊತ್ತಿರುತ್ತವೆ. ಕೊಡೆಯ ಕಡ್ಡಿಗಳನ್ನು ನೆನೆಸಿಕೊಳ್ಳಿ. ಪಕ್ಕೆಲುಬಿನ ಬುಡಕ್ಕೆ ಅಂಟಿದ ಸ್ನಾಯುಗಳು ಎಳೆದಾಗ ಕಡ್ಡಿಗಳು ಮುಂದಕ್ಕೆ ಬಿಚ್ಚಿಕೊಳ್ಳುತ್ತವೆ, ಪೊರೆ ಬಿಗಿಯುತ್ತದೆ. ಸಡಿಲ ಬಿಟ್ಟಾಗ ಹಿಂದಕ್ಕೆ ಮಡಚಿ ಪಕ್ಕೆಗೆ ಅಂಟಿ ಕೂರುತ್ತದೆ. ಮಡಚಿದಾಗ ಅದು ರೆಕ್ಕೆಯೆಂದು ಯಾರಿಗೂ ಅನಿಸುವುದಿಲ್ಲ, ಸೊಂಟದ ಬಳಿ ಒಂದಿಷ್ಟು ಸಡಿಲ ಚರ್ಮ, ಅಷ್ಟೆ. ಬೆನ್ನಿನ ಬಣ್ಣ ತೊಗಟೆಯದು, ಬೂದಿಯ ಮೇಲೆ ಕಂದು ಕಲೆ. ಬಿಚ್ಚಿದಾಗ ಪೊರೆಯ ಮೇಲ್ಬದಿಯಲ್ಲಿ ಕಪ್ಪುನೇರಳೆಯ ಮೇಲೆ ಮಾಸಲು ಚುಕ್ಕಿಗಳು; ಕೆಳಗಿನಿಂದ ನೋಡಿದರೆ ಹಳದಿ ಛಾಯೆ, ಅಲ್ಲಲ್ಲಿ ಕಪ್ಪು ಮಚ್ಚೆ. ಬಿಸಿಲಿಗೆ ಎದುರಾಗಿ ಹಾದುಹೋದರೆ ಪೊರೆಯೊಳಗಿನ ಕಡ್ಡಿಗಳನ್ನು ಎಣಿಸಬಹುದು.

ಕತ್ತಿನ ಎರಡೂ ಬದಿಗೆ ಪುಟ್ಟ ತೊಗಲಿನ ಎಸಳುಗಳಿವೆ, ಹಾರುವಾಗ ಅವೂ ಬಿಚ್ಚಿಕೊಳ್ಳುತ್ತವೆ. ಗಂಟಲ ಕೆಳಗಿನ ಪಟ್ಟಿ ಬೇರೆ, ಅದು ಮಾತಾಡಲು. ಗಂಡಿನದು ನಿಂಬೆಹಣ್ಣಿನ ಹಳದಿ, ಉದ್ದ, ಚೂಪು. ಹೆಣ್ಣಿನದು ಗಿಡ್ಡ, ಮಂಕು. ತೊಗಟೆಯಲ್ಲಿ ತೊಗಟೆಯಾಗಿ ಕೂತ ಪ್ರಾಣಿ ಇದ್ದಕ್ಕಿದ್ದಂತೆ ಈ ಹಳದಿ ಬಾವುಟವನ್ನು ಮುಂದಕ್ಕೆ ನೂಕಿ, ಮಡಚಿ, ಮತ್ತೆ ನೂಕುತ್ತದೆ. ಕಾಡಿನಲ್ಲಿ ಹಾರುವ ಓತಿ ಕಣ್ಣಿಗೆ ಬೀಳುವುದು ಹತ್ತರಲ್ಲಿ ಒಂಬತ್ತು ಸಲ ಹಾರಾಟದಿಂದಲ್ಲ, ಈ ಬಾವುಟದಿಂದ.

ಹಾರಾಟವನ್ನು ನಿಧಾನಗತಿಯಲ್ಲಿ ನೋಡಿದರೆ ನಾಲ್ಕು ಹಂತ ಸಿಗುತ್ತವೆ. ಮೊದಲಿಗೆ ಕಾಂಡದ ಮೇಲೆ ಮೈ ತಿರುಗಿಸಿ ಹೋಗಬೇಕಾದ ಮರದತ್ತ ಮುಖಮಾಡುತ್ತದೆ. ಕಾಲು ಚಿಮ್ಮಿ ಬಿಡುತ್ತದೆ. ಎರಡನೆಯದು ಶುದ್ಧ ಬೀಳುವಿಕೆ: ವೇಗವಿಲ್ಲದೆ ರೆಕ್ಕೆಗೆ ಗಾಳಿ ಸಿಗುವುದಿಲ್ಲ, ವೇಗ ಸಿಗಬೇಕಾದರೆ ಎತ್ತರ ಖರ್ಚಾಗಬೇಕು. ಈ ಹಂತದಲ್ಲೇ ಪಕ್ಕೆಲುಬುಗಳು ಬಿಚ್ಚುತ್ತವೆ. ಮೂರನೆಯದರಲ್ಲಿ ಹಾದಿ ಚಪ್ಪಟೆಯಾಗುತ್ತದೆ, ಓತಿ ತೇಲುತ್ತದೆ. ಇಲ್ಲೊಂದು ಸಂಗತಿ ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದೂ ನಮ್ಮ ಘಟ್ಟದ ಈ ಪ್ರಭೇದದ ಮೇಲೆಯೇ ನಡೆದದ್ದು, ಅದನ್ನು ತೋರಿಸಿತು: ಜಿಗಿದ ಮೇಲೆ ಓತಿ ತನ್ನ ಮುಂಗೈಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂಬದಿಯ ಅಂಚನ್ನು ಹಿಡಿದುಕೊಳ್ಳುತ್ತದೆ. ಬೆನ್ನು ತುಸು ಬಾಗುತ್ತದೆ. ಕೈಯಿಂದ ಅಂಚನ್ನು ಎಳೆದು, ಬಿಟ್ಟು, ದಿಕ್ಕು ಬದಲಿಸುತ್ತದೆ ಎಂಬುದು ಆ ಅಧ್ಯಯನದ ಸೂಚನೆ. ಲುಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಗದ್ದೆಯಂಚಿನಲ್ಲಿ ಗಾಳಿಗೆ ಎದುರಾಗಿ ಓಡುವ ಹುಡುಗನ ಉಪಾಯವೇ ಇದು, ಒಂದಿಷ್ಟು ಜಾಣತನದಿಂದ. ನಾಲ್ಕನೆಯ ಹಂತ ಇಳಿಯುವುದು: ಗುರಿಯ ಕಾಂಡ ಹತ್ತಿರವಾಗುತ್ತಿದ್ದಂತೆ ಕೈ ರೆಕ್ಕೆಯನ್ನು ಬಿಡುತ್ತದೆ, ಮೈ ಮೇಲಕ್ಕೆ ಎದ್ದು ವೇಗ ತಗ್ಗುತ್ತದೆ, ತಲೆ ಮೇಲಾಗಿ ನಾಲ್ಕೂ ಕಾಲು ತೊಗಟೆಗೆ ಅಂಟುತ್ತವೆ. ತಕ್ಷಣ ಪೊರೆ ಮಡಚಿ, ಅಲ್ಲೊಂದು ಓತಿ ಇದೆ ಎಂಬುದೇ ಮರೆತುಹೋಗುತ್ತದೆ.

ಈ ಕುಲದ ಓತಿಗಳು ಐವತ್ತು ಅರವತ್ತು ಮೀಟರ್ ತೇಲಿದ ದಾಖಲೆಗಳಿವೆ. ಕೇಳಲು ಸೊಗಸಾದ ಅಂಕಿ, ಆದರೆ ದಿನನಿತ್ಯದ ಬದುಕಿಗೆ ಅದು ಲೆಕ್ಕಕ್ಕಿಲ್ಲ. ಮಾಮೂಲಿ ಹಾರಾಟ ಅದರ ಕಾಲುಭಾಗಕ್ಕಿಂತಲೂ ಚಿಕ್ಕದು, ಮುಗಿಯುವುದು ಒಂದೆರಡು ಸೆಕೆಂಡಿನಲ್ಲಿ. ಮುಖ್ಯವಾದದ್ದು ಇಳಿತದ ಲೆಕ್ಕ. ಹತ್ತಿರದ ಮರಕ್ಕೆ ಹೋದರೂ ದೂರದ ಮರಕ್ಕೆ ಹೋದರೂ ಆ ಮೊದಲ ಬೀಳುವಿಕೆಯ ಖರ್ಚು ತಪ್ಪಿದ್ದಲ್ಲ. ಹಾಗಾಗಿ ಚಿಕ್ಕ ಹಾರಾಟ ತುಟ್ಟಿ, ಸ್ವಲ್ಪ ಉದ್ದದ ಹಾರಾಟ ಅಗ್ಗ. ಕಳೆದುಕೊಂಡ ಎತ್ತರವನ್ನು ಹೊಸ ಮರ ಹತ್ತಿ ತೀರಿಸಬೇಕು. ಓತಿಯ ದಿನಚರಿ ಈ ಸಾಲ ಮತ್ತು ತೀರುವಳಿಯದು: ಕಾಂಡದ ಕೆಳಭಾಗಕ್ಕೆ ಬಂದು ಇಳಿಯುತ್ತದೆ, ತಿನ್ನುತ್ತ ಮೇಲೇರುತ್ತದೆ, ಸಾಕಷ್ಟು ಮೇಲೆ ಹೋದ ಮೇಲೆ ಮತ್ತೆ ಬಿಡುತ್ತದೆ.

ತಿನ್ನುವುದು ಬಹುಪಾಲು ಇರುವೆ. ಬೇಟೆ ಎನ್ನುವುದಕ್ಕಿಂತ ಕಾಯುವಿಕೆ ಎನ್ನಬೇಕು. ಇರುವೆಸಾಲಿನ ಪಕ್ಕ ಕೂತು, ಬಂದವನ್ನು ಒಂದೊಂದಾಗಿ ನೆಕ್ಕಿ ತೆಗೆದುಕೊಳ್ಳುತ್ತದೆ. ಇರುವೆ ಚಿಕ್ಕದು, ಹೊಟ್ಟೆ ತುಂಬಲು ಬಹಳ ಬೇಕು, ಒಂದು ಮರದ ಸಾಲು ತೆಳುವಾದರೆ ಮುಂದಿನ ಮರಕ್ಕೆ ಹೋಗಬೇಕು. ನೆಲಕ್ಕಿಳಿದು ನಡೆದು ಹೋದರೆ ಮುಂಗುಸಿ, ಕೆಂಬೂತ, ಹಾವು ಎಲ್ಲ ಕಾದಿರುತ್ತವೆ. ರೆಕ್ಕೆ ಬಂದದ್ದು ಆಕಾಶಕ್ಕೆ ಹೋಗಲಿಕ್ಕಲ್ಲ, ನೆಲ ತಪ್ಪಿಸಲಿಕ್ಕೆ ಎಂದು ಅನಿಸುವುದು ಇದಕ್ಕೇ. ಹಾಗೆಂದು ಮರದ ಮೇಲೆ ಶತ್ರುಗಳಿಲ್ಲ ಎಂದಲ್ಲ. ಹಸಿರು ಹಾವು ಕೊಂಬೆಯಾಗಿ ಕಾದಿರುತ್ತದೆ. ಶಿಕ್ರ ಎಂಬ ಪುಟ್ಟ ಗಿಡುಗ ಕಾಂಡದಿಂದಲೇ ಓತಿಗಳನ್ನು ಎತ್ತುತ್ತದೆ. ಇದೇ ಕಾಡಿನ ಹಾರುವ ಹಾವಂತೂ ಪಕ್ಕೆ ಚಪ್ಪಟೆ ಮಾಡಿಕೊಂಡು ಮರದಿಂದ ಮರಕ್ಕೆ ತೇಲಬಲ್ಲದು, ಓತಿಗಳೇ ಅದರ ಊಟದ ದೊಡ್ಡ ಭಾಗ. ಇನ್ನು ಹಾರುವ ಕಪ್ಪೆ, ರಾತ್ರಿ ಪಾಳಿಯ ಹಾರುಬೆಕ್ಕು, ಅಂದರೆ ಹಾರುವ ಅಳಿಲು. ನಮ್ಮ ಘಟ್ಟದಲ್ಲಿ ಇಷ್ಟೊಂದು ಬಗೆಯವು ತೇಲಲು ಕಲಿತಿವೆ ಎಂದರೆ ಅದಕ್ಕೆ ಕಾಡಿನ ಆಕಾರವೇ ಕಾರಣವಿರಬೇಕು: ಎತ್ತರದ ಕಾಂಡ, ಕೆಳಗೆ ದೂರದವರೆಗೆ ಕೊಂಬೆಯಿಲ್ಲದ ತೆರವು, ಮೇಲೆ ಮುಚ್ಚಿದ ಎಲೆಚಪ್ಪರ.

ಈ ಆಕಾರವನ್ನೇ ಮನುಷ್ಯ ಗೊತ್ತಿಲ್ಲದೆ ಕಟ್ಟಿದ್ದು ಅಡಕೆ ತೋಟದಲ್ಲಿ. 2.7 ಮೀಟರಿಗೊಂದು ಮರ, ಎಲ್ಲವೂ ನೆಟ್ಟಗೆ, ತುದಿಯವರೆಗೆ ಒಂದು ಕೊಂಬೆಯಿಲ್ಲ, ಬೂದುಬಣ್ಣದ ಕಾಂಡದ ಮೇಲೆ ಕಲ್ಲುಹೂವಿನ ಬಿಳಿ ತೇಪೆ. ಹಾರುವ ಓತಿಯನ್ನು ನೋಡಬೇಕಾದರೆ ಆಗುಂಬೆಯ ಕಾಡಿಗಿಂತ ಅದರ ಪಕ್ಕದ ಹಳೆಯ ತೋಟವೇ ವಾಸಿ ಎಂದು ಬಲ್ಲವರು ಹೇಳುವುದು ಸುಮ್ಮನಲ್ಲ. ಕಾಡಿನಲ್ಲಿ ಹದಿನೈದು ಮೀಟರ್ ಮೇಲೆ ಎಲೆಗಳ ನಡುವೆ ಕಳೆದುಹೋಗುವ ಪ್ರಾಣಿ ತೋಟದಲ್ಲಿ ಕಣ್ಣೆತ್ತರದಿಂದ ತುಸು ಮೇಲೆ ಸಿಗುತ್ತದೆ. ಆ ತೋಟದಲ್ಲಿ ಇನ್ನೊಬ್ಬನೂ ಹೀಗೇ ಬದುಕುತ್ತಿದ್ದ: ಅಡಕೆ ಗೊನೆ ಕೊಯ್ಯುವ ಕೊನೆಗಾರ. ಒಂದು ಮರ ಹತ್ತಿದರೆ ಇಳಿಯದೆ, ಮರವನ್ನು ತೂಗಿ ಪಕ್ಕದ್ದನ್ನು ಎಳೆದು ಹಿಡಿದು ದಾಟುತ್ತಿದ್ದ. ಪ್ರತಿ ಮರವನ್ನೂ ಹೊಸದಾಗಿ ಹತ್ತುವುದು ದಂಡ ಎಂಬುದು ಇಬ್ಬರಿಗೂ ಗೊತ್ತಿದ್ದ ಲೆಕ್ಕ. ಈಗ ನೆಲದಿಂದಲೇ ಗೊನೆ ಕೊಯ್ಯುವ ಉದ್ದ ಕೋಲು, ದೋಟಿ ಬಂದಿದೆ, ಕೊನೆಗಾರ ನೆಲದ ಮೇಲೆ ನಿಂತಿದ್ದಾನೆ.

ಆದರೆ ತೋಟ ಕಾಡಿನ ನಕಲೇ ಹೊರತು ಕಾಡಲ್ಲ. ಓತಿ ತೋಟದಲ್ಲಿ ಚೆನ್ನಾಗಿರುವುದು ಪಕ್ಕದಲ್ಲಿ ಕಾಡೋ ಸೊಪ್ಪಿನಬೆಟ್ಟವೋ ಇದ್ದಾಗ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಗೊಬ್ಬರದ ಸೊಪ್ಪಿಗಾಗಿ ಬಂದದ್ದು. ಆ ಬೆಟ್ಟದ ಮತ್ತಿ, ಹೊನ್ನೆ ಮರಗಳ ಒರಟು ತೊಗಟೆಯಲ್ಲಿ ಇರುವೆ ಇರುವಷ್ಟು ನಯವಾದ ಅಡಕೆ ಕಾಂಡದಲ್ಲಿ ಇರುವುದಿಲ್ಲ. ಅಂಚಿನಲ್ಲಿ ನಾಲ್ಕು ಹಲಸು, ಎರಡು ಧೂಪ ಉಳಿದಿರುವ ತೋಟಕ್ಕೂ ಬರಿಯ ಅಡಕೆಯ ಹೊಸ ತೋಟಕ್ಕೂ ಒಂದು ಬೆಳಗ್ಗೆ ಸುತ್ತಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಗದ್ದೆ ಬಯಲಿನ ನಡುವೆ ಹೊಸದಾಗಿ ಹಾಕಿದ ತೋಟದಲ್ಲಿ ಮರ ಎಷ್ಟೇ ಎತ್ತರವಾದರೂ ಓತಿ ಬರುವುದು ಕಷ್ಟ. ಗದ್ದೆ ದಾಟಲು ಅದಕ್ಕೆ ದಾರಿಯೇ ಇಲ್ಲ.

ತೋಟದಲ್ಲಿ ಏನು ಕೆಡುತ್ತದೆ? ಎಲ್ಲರೂ ಮೊದಲು ಬೊಟ್ಟುಮಾಡುವುದು ಬೋರ್ಡೋ ದ್ರಾವಣದತ್ತ. ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದು ಹೋಗಿ ಕೂರುವುದು ಗೊನೆಯ ಮೇಲೆ, ತಡೆಯುವುದು ಕೊಳೆಯ ರೋಗಾಣುವನ್ನು. ಓತಿಯ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ್ದು ಬುಡದ ಬಗ್ಗೆ. ಬೇರುಹುಳಕ್ಕೆಂದು ಇಡೀ ತೋಟದ ಬುಡಕ್ಕೆ ಕೀಟನಾಶಕ ಸುರಿದರೆ ಹುಳದ ಜತೆಗೆ ಇರುವೆಯೂ ಹೋಗುತ್ತದೆ, ಅಂದರೆ ಊಟವೇ ಹೋಗುತ್ತದೆ. ಹುಳ ಇರುವ ಮರಗಳನ್ನು ಗುರುತಿಸಿ ಅಷ್ಟಕ್ಕೇ ಔಷಧಿ ಹಾಕುವುದು ಖರ್ಚಿನ ದೃಷ್ಟಿಯಿಂದಲೂ ಲಾಭವೇ.

ಎರಡನೆಯದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು, ಕಾಳುಮೆಣಸು. ಒಂದೊಂದು ಅಡಕೆ ಮರಕ್ಕೂ ಒಂದೊಂದು ಬಳ್ಳಿ ಹಬ್ಬಿಸಿದರೆ ಬುಡದಿಂದ ನಾಲ್ಕೈದು ಮೀಟರ್‌ವರೆಗೆ ಕಾಂಡವೇ ಮಾಯ. ಓತಿ ಬಂದು ಇಳಿಯುವುದು ಆ ಎತ್ತರಕ್ಕೇ. ಎಲೆಯ ಮೇಲೆ ಅದು ಇಳಿಯಲಾರದು; ನಾಲ್ಕೂ ಕಾಲಿನ ಉಗುರಿಗೆ ತೊಗಟೆ ಬೇಕು. ಮೆಣಸಿಗೆ ಬಂದ ಬೆಲೆ ನೋಡಿದರೆ ಬಳ್ಳಿ ಬೇಡ ಎನ್ನುವಂತಿಲ್ಲ. ಆದರೆ ಎರಡು ಸಾಲು ಬಳ್ಳಿ, ಒಂದು ಸಾಲು ಬರಿಗಾಂಡ ಎಂದು ಬಿಟ್ಟುಕೊಂಡರೆ ದಾರಿ ಉಳಿಯುತ್ತದೆ. ಪಡುವಣ ಬಿಸಿಲಿಗೆ ಕಾಂಡ ಸೀಳದಂತೆ ಸುಣ್ಣ ಬಳಿಯುವುದು ಮೂರನೆಯದು. ಬಿಳಿ ಕಾಂಡದ ಮೇಲೆ ಬೂದು ಓತಿ ಎಂದರೆ ಶಿಕ್ರಕ್ಕೆ ಎಲೆ ಹಾಕಿ ಬಡಿಸಿದಂತೆ. ಸುಣ್ಣದ ಬದಲು ಅಂಚಿನ ಸಾಲಿಗೆ ಅಡಕೆಯ ಗರಿ, ಅಂದರೆ ಸೋಗೆ, ಕಟ್ಟುವ ಹಳೆಯ ಕ್ರಮವೂ ಅದೇ ಕೆಲಸ ಮಾಡುತ್ತದೆ.

ಬೋರ್ನಿಯೋದಲ್ಲಿ ಇದೇ ಕುಲದ ಒಂದು ಪ್ರಭೇದವಿದೆ. ಅದರ ರೆಕ್ಕೆಯ ಬಣ್ಣ ಆಯಾ ಜಾಗದಲ್ಲಿ ಉದುರುವ ಎಲೆಯ ಬಣ್ಣಕ್ಕೆ ಹೊಂದುತ್ತದೆಂದು 2014ರಲ್ಲಿ ಸಂಶೋಧಕರು ತೋರಿಸಿದರು: ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕೆಂಪು, ಒಳನಾಡಿನ ಮಳೆಕಾಡಿನಲ್ಲಿ ಗಾಢ ಕಂದು ಹಸಿರು. ತೇಲುವ ಓತಿ ಹಕ್ಕಿಯ ಕಣ್ಣಿಗೆ ಬೀಳುವ ಎಲೆಯಾಗುತ್ತದೆ. ನಮ್ಮ ತೋಟದಲ್ಲಿ ಈ ವೇಷ ನಡೆಯುವುದು ಅನುಮಾನ. ಅಲ್ಲಿ ಬೀಳುವುದು ಎಲೆಯಲ್ಲ, ತಲೆ ಒಡೆಯುವಂಥ ಸೋಗೆ.

ನೋಡಹೊರಟವರಿಗೆ ಒಂದಿಷ್ಟು. ಹೊತ್ತು ಮುಖ್ಯ. ಬಿಸಿಲು ಕಾಂಡಕ್ಕೆ ಬಿದ್ದು ಮೈ ಕಾಯುವವರೆಗೆ ಓತಿ ಅಲುಗುವುದಿಲ್ಲ. ಎಂಟೂವರೆಯಿಂದ ಹನ್ನೊಂದರ ಒಳಗೆ, ಮಂಜು ಕರಗಿದ ಮೇಲೆ, ಇರುವೆಗಳೂ ಓಡಾಡುವ ಹೊತ್ತಿಗೆ ಒಳ್ಳೆಯದು. ಮೋಡದ ದಿನ ಹೋಗಿ ಪ್ರಯೋಜನವಿಲ್ಲ. ಕಾಂಡದ ನಡುವನ್ನು ನೋಡಬೇಡಿ, ಅಂಚನ್ನು ನೋಡಿ: ನೇರ ಗೆರೆಯಲ್ಲಿ ಎಲ್ಲಾದರೂ ಸಣ್ಣ ಉಬ್ಬು ಕಂಡರೆ ಅದೇ ಇರಬಹುದು. ಮನುಷ್ಯನನ್ನು ಕಂಡರೆ ಓತಿ ಓಡುವುದಿಲ್ಲ, ಕಾಂಡದ ಆಚೆ ಬದಿಗೆ ಜಾರುತ್ತದೆ. ನೀವು ಸುತ್ತಿದಂತೆ ಅದೂ ಸುತ್ತುತ್ತದೆ. ಇಬ್ಬರಿದ್ದರೆ ಒಬ್ಬರು ನಿಂತಲ್ಲೇ ನಿಂತು ಇನ್ನೊಬ್ಬರು ದೂರದಿಂದ ಸುತ್ತಿ ಬಂದರೆ ಸಿಕ್ಕೇ ಸಿಗುತ್ತದೆ.

ಫೋಟೊ ತೆಗೆಯುವವರು ಹಾರುವಾಗ ಕ್ಯಾಮೆರಾ ಹಿಂಬಾಲಿಸಲು ಹೋಗಿ ಸೋಲುತ್ತಾರೆ. ಓತಿ ಮೇಲೇರಿ, ನಿಂತು, ತಲೆಯನ್ನು ಕಾಂಡದಿಂದ ಹೊರಗೆ ಒಂದು ದಿಕ್ಕಿಗೆ ತಿರುಗಿಸಿದರೆ ಜಿಗಿಯುವ ಸೂಚನೆ. ಆಗ ಅದರ ಪಕ್ಕಕ್ಕೇ ಫೋಕಸ್ ಗಟ್ಟಿಮಾಡಿಕೊಂಡು, ಶಟರ್ ಎರಡು ಸಾವಿರದಲ್ಲೊಂದು ಸೆಕೆಂಡಿಗಿಂತ ಚುರುಕಾಗಿಟ್ಟು, ಚೌಕಟ್ಟಿನಲ್ಲಿ ಹಾರುವ ಕಡೆಗೆ ಹೆಚ್ಚು ಜಾಗ ಬಿಟ್ಟು ಕಾಯಬೇಕು. ತೋಟದ ನೆರಳಿನಲ್ಲಿ ಬೆಳಕು ಸಾಲದು. ಐಎಸ್‌ಒ ಏರಿಸಿ ಫೋಟೊ ತರಿತರಿಯಾದರೂ ಪರವಾಗಿಲ್ಲ, ಅಲುಗಿದರೆ ಏನೂ ಉಳಿಯುವುದಿಲ್ಲ. ಕಾಂಡಕ್ಕೆ ಕೋಲು ಬಡಿದು ಹಾರಿಸುವವರಿದ್ದಾರೆ. ಮೈ ಕಾಯದ ಓತಿ ಹೀಗೆ ಎದ್ದರೆ ಅರ್ಧ ದಾರಿಯಲ್ಲೇ ನೆಲಕ್ಕೆ ಬೀಳಬಹುದು. ಇನ್ನು ಹಿಡಿದು, ಬೆರಳಿನಿಂದ ರೆಕ್ಕೆ ಬಿಡಿಸಿ ಫೋಟೊಕ್ಕೆ ಹಿಡಿಯುವುದು ಜಾಲತಾಣಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆ ಕಡ್ಡಿಗಳು ಪಕ್ಕೆಲುಬು ಎಂಬುದನ್ನು ನೆನೆಸಿಕೊಂಡರೆ ಸಾಕು. ಮುರಿದರೆ ಮುರಿಯುವುದು ಎದೆಗೂಡಿನ ಮೂಳೆ.

ನೆಲವನ್ನು ಇಷ್ಟು ತಪ್ಪಿಸುವ ಪ್ರಾಣಿಗೂ ಒಂದು ಕೆಲಸಕ್ಕೆ ನೆಲ ಬೇಕೇ ಬೇಕು. ಗಂಡು ಹೆಚ್ಚುಕಡಿಮೆ ಜೀವಮಾನವಿಡೀ ಮರದಲ್ಲೇ ಕಳೆಯಬಹುದು, ಹೆಣ್ಣಿಗೆ ಆ ಭಾಗ್ಯವಿಲ್ಲ. ಮೊಟ್ಟೆ ಇಡುವಾಗ ಅದು ಬುಡದವರೆಗೆ ಇಳಿದು, ಮೂತಿಯನ್ನೇ ಮಣ್ಣಿಗೆ ಒತ್ತಿ ಸಣ್ಣ ಕುಳಿ ಮಾಡುತ್ತದೆ. ಕುಳಿ ಆಗಬೇಕಾದರೆ ಮಣ್ಣು ಸಡಿಲವಿರಬೇಕು, ಆದರೆ ಕುಸಿಯಬಾರದು. ತೇವವಿರಬೇಕು, ನೀರು ನಿಲ್ಲಬಾರದು. ಬಸಿಗಾಲುವೆಯ ಏರಿಯ ಮೇಲಿನ, ದರಕು (ಒಣ ಎಲೆ) ಮುಚ್ಚಿದ ಮಣ್ಣು ಈ ಹದಕ್ಕೆ ಸರಿಹೋಗುವಂಥದ್ದು. ನಾಲ್ಕರ ಆಸುಪಾಸು ಮೊಟ್ಟೆ. ಇಟ್ಟ ಮೇಲೆ ಮಣ್ಣು ಎಳೆದು ಮುಚ್ಚಿ, ತಲೆಯಿಂದ ತಟ್ಟಿ ತಟ್ಟಿ ಸಮ ಮಾಡುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಬೆಕ್ಕೂ ಕೋಳಿಯೂ ಒಂದೇ, ಯಾವುದರಿಂದಲೂ ತಪ್ಪಿಸಿಕೊಳ್ಳಲಾರದು. ಮರಿ ಹೊರಬರಲು ಸುಮಾರು ಐವತ್ತು ದಿನ. ಅಷ್ಟು ದಿನದೊಳಗೆ ಆ ಏರಿಗೆ ಗುದ್ದಲಿ ಬಿದ್ದರೆ, ದರಕಿಗೆ ಬೆಂಕಿ ಇಟ್ಟರೆ, ಗೊಬ್ಬರದ ಮೇಲೆ ಹೊಸ ಮಣ್ಣು ಎರಡಡಿ ಏರಿಸಿದರೆ ಆ ಸಲದ ಸಂಸಾರ ಮುಗಿದಂತೆ. ಇಡೀ ತೋಟವನ್ನು ಒಂದೇ ವರ್ಷ ಅಗೆಸುವ ಬದಲು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗ ಮಣ್ಣು ಹಾಕಿಸುವವರ ತೋಟದಲ್ಲಿ ಎರಡು ಭಾಗದ ನೆಲವಾದರೂ ಆ ವರ್ಷ ಹಾಗೇ ಉಳಿಯುತ್ತದೆ.

ಮುಚ್ಚಿದ ಕುಳಿಯ ಮೇಲೆ ಕೊನೆಯ ಸಲ ತಲೆ ತಟ್ಟಿ, ಮೂತಿಗೆ ಮೆತ್ತಿದ ಮಣ್ಣಿನ ಸಮೇತ ಹೆಣ್ಣು ಹತ್ತಿರದ ಕಾಂಡ ಹಿಡಿದು ಏರುತ್ತದೆ. ಆಳೆತ್ತರ ದಾಟುವವರೆಗೆ ಎಲ್ಲೂ ನಿಲ್ಲುವುದಿಲ್ಲ.